ಸತ್ತದ್ದು ನಾನೋ ಅವಳೋ: ವಿಡಿಯೋ ಗೇಮ್‌ಗಳ ನಾಯಕಿಯರು ಮತ್ತು ಆಡುವವರ ಸರ್ವನಾಮ

 

ವಿಡಿಯೋ ಗೇಮ್‌ಗಳಲ್ಲಿ ಸ್ತ್ರೀ ಪಾತ್ರ ಎಂಬ ವಿಷಯ ಕೊಟ್ಟ ಕೂಡಲೇ ನಾವು ವಿದ್ಯಾರ್ಥಿಗಳು ಎರಡು ಕೆಲಸ ಮಾಡ್ತೇವೆ. ಒಂದು, ಎಣಿಸುವುದು: ಎಷ್ಟು ಗೇಮ್‌ಗಳಲ್ಲಿ ನಾಯಕಿ, ಎಷ್ಟರಲ್ಲಿ ನಾಯಕ. ಇನ್ನೊಂದು, ಅಳೆಯುವುದು: ಮೈಮೇಲೆ ಬಟ್ಟೆ ಎಷ್ಟು, ಸೊಂಟ ಎಷ್ಟು ಸಣ್ಣ. ಎರಡೂ ಬೇಕಾದ ಕೆಲಸಗಳೇ. ಆದರೆ ಎರಡೂ ನೋಡುವವರ ಕೆಲಸ, ಸಿನಿಮಾ ವಿಮರ್ಶೆಯಿಂದ ಎತ್ತಿ ತಂದದ್ದು. ಗೇಮನ್ನು ಯಾರೂ ಬರೀ ನೋಡುವುದಿಲ್ಲ, ಆಡ್ತಾರೆ. ಹಾಗಾಗಿ ನನ್ನ ಪ್ರಶ್ನೆ ಸಣ್ಣದು. ಆಡುವವರು ಆಡುತ್ತಿರುವಾಗ ಆ ನಾಯಕಿಯನ್ನು 'ನಾನು' ಅನ್ನುತ್ತಾರಾ, 'ಅವಳು' ಅನ್ನುತ್ತಾರಾ? ಯಾವ ಗಳಿಗೆಯಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆ?

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಮನೆಯ ಜಗಲಿಯಲ್ಲಿ. ನನ್ನ ತಮ್ಮ ಮತ್ತು ಅವನ ಇಬ್ಬರು ಸ್ನೇಹಿತರು ಆಡುವಾಗ ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡದ್ದು. ಮೂವರೂ ಕನ್ನಡ, ಮಲಯಾಳ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು, ಕಾಸರಗೋಡಿನಲ್ಲಿ ಅದೇನು ವಿಶೇಷ ಅಲ್ಲ. ಮೂರು ಜನರ ಮಾತಿನಿಂದ ಸಿದ್ಧಾಂತ ಕಟ್ಟಲು ಆಗುವುದಿಲ್ಲ, ನಿಜ. ಆದರೆ ವ್ಯಾಕರಣ ಮೂರು ಜನರದ್ದಲ್ಲ. ಕನ್ನಡದಲ್ಲಿ 'ಸತ್ತ', 'ಸತ್ತಳು' ಬೇರೆ ಬೇರೆ. ಆದರೆ 'ನಾನು ಸತ್ತೆ' ಅಂದಾಗ ಹೇಳಿದ್ದು ಗಂಡೋ ಹೆಣ್ಣೋ ಕ್ರಿಯಾಪದದಿಂದ ಗೊತ್ತಾಗುವುದಿಲ್ಲ. ಉತ್ತಮ ಪುರುಷದಲ್ಲಿ ನಮ್ಮ ಭಾಷೆ ಲಿಂಗ ಕೇಳುವುದಿಲ್ಲ. ಹಿಂದಿಯಲ್ಲಿ ಆಡುವ ಹುಡುಗ ಪರದೆಯ ಮೇಲೆ ಯಾವ ನಾಯಕಿ ಇದ್ದರೂ 'ಮೈಂ ಮರ್ ಗಯಾ' ಅನ್ನಬೇಕು. 'ಗಯೀ' ಅಂದರೆ ಸ್ನೇಹಿತರು ನಗುತ್ತಾರೆ. ಕನ್ನಡದ ಹುಡುಗನಿಗೆ ಆ ಇಕ್ಕಟ್ಟು ಇಲ್ಲ. ಅವನು 'ಹಾರಿದೆ, ಬಿದ್ದೆ, ಸತ್ತೆ' ಅನ್ನುತ್ತಾ ಗಂಟೆಗಟ್ಟಲೆ ನಾಯಕಿಯೊಳಗೆ ಇರಬಹುದು. ಆದ್ದರಿಂದ ಅವನು 'ಅವಳು' ಅಂತ ಹೊರಗೆ ಬಂದರೆ ಅದು ವ್ಯಾಕರಣದ ಒತ್ತಾಯದಿಂದ ಅಲ್ಲ. ಗೇಮ್ ಅವನನ್ನು ಹೊರಗೆ ದಬ್ಬಿದೆ ಅಂತ ಅರ್ಥ.

ಇಲ್ಲಿ ಒಂದು ಅಡ್ಡಮಾತು. ನಮ್ಮ ಕಡೆ 'ಆಟ' ಅಂದರೆ ಮೊದಲ ಅರ್ಥ ಯಕ್ಷಗಾನ, 'ಕೂಟ' ಅಂದರೆ ತಾಳಮದ್ದಳೆ. ಆಟದಲ್ಲಿ ಗಂಡಸರು ಸ್ತ್ರೀವೇಷ ಹಾಕಿದರು. ಕೋಳ್ಯೂರು ರಾಮಚಂದ್ರ ರಾಯರ ವೇಷವನ್ನು ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಆ ವೇಷಕ್ಕೆ ನಡೆ, ನೋಟ, ಮಾತು ಎಲ್ಲವನ್ನೂ ಮೈಗೆ ಕಲಿಸಬೇಕಿತ್ತು. ಕೂಟದಲ್ಲಿ ವೇಷವೂ ಇಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಕೂತ ಅರ್ಥಧಾರಿ ದ್ರೌಪದಿಯಾಗಿ 'ನಾನು' ಅನ್ನುತ್ತಾರೆ, ಆ 'ನಾನು'ವಿಗೆ ತಕ್ಕ ವಾದವನ್ನು ಅಲ್ಲೇ ಕಟ್ಟುತ್ತಾರೆ. ಅಂದರೆ ಕೂಟದಲ್ಲಿ ಮಾತು ಉಂಟು, ವೇಷ ಇಲ್ಲ. ವಿಡಿಯೋ ಗೇಮ್‌ನಲ್ಲಿ ಇದು ತಿರುಗುಮುರುಗು: ವೇಷ ರೆಡಿಯಾಗಿ ಸಿಗುತ್ತದೆ, ಮಾತು ಆಡುವವನದ್ದಲ್ಲ. ಹಾಗಿದ್ದ ಮೇಲೆ ಆಡುವವನನ್ನು ಪಾತ್ರದ ಒಳಗೆ ಇಟ್ಟುಕೊಳ್ಳುವುದು ಯಾವುದು? ಕೈಗೆ ಕೊಟ್ಟ ಕೆಲಸ ಮತ್ತು ಕ್ಯಾಮೆರಾ, ಈ ಎರಡೇ.

1986ರ 'ಮೆಟ್ರಾಯ್ಡ್' ತೆಗೆದುಕೊಳ್ಳಿ. ಸಮಸ್ ಆರನ್ ಮೈತುಂಬ ಕವಚ ತೊಟ್ಟ ಬೇಟೆಗಾರ್ತಿ. ಗೇಮ್‌ನ ಇಂಗ್ಲಿಷ್ ಕೈಪಿಡಿ ಆಕೆಯನ್ನು ಗಂಡಾಗಿಯೇ ವರ್ಣಿಸಿತು. ಬೇಗ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಕವಚ ಕಳಚಿದ ಹೆಣ್ಣು ಕಾಣಿಸುತ್ತಾಳೆ. ಇನ್ನೂ ಬೇಗ ಮುಗಿಸಿದರೆ ಬಟ್ಟೆ ಇನ್ನೂ ಕಡಿಮೆ. ಇದನ್ನು ಗೇಮ್ ಲೋಕದ ಸ್ತ್ರೀವಾದಿ ಕ್ಷಣ ಅಂತ ಕೊಂಡಾಡುವ ಲೇಖನಗಳು ಬೇಕಾದಷ್ಟು ಉಂಟು. ನನಗೆ ಹಾಗೆ ಕಾಣುವುದಿಲ್ಲ. ಗಂಟೆಗಟ್ಟಲೆ 'ನಾನು' ಆಗಿದ್ದವಳನ್ನು ಕೊನೆಯ ಅರೆಗಳಿಗೆಯಲ್ಲಿ 'ಅವಳು' ಮಾಡಿ, ಬಹುಮಾನವಾಗಿ ಆಡಿದವನ ಕೈಗೇ ಕೊಟ್ಟಂತಾಯಿತು.

ಹತ್ತು ವರ್ಷದ ನಂತರ, 1996ರಲ್ಲಿ, ಇಂಗ್ಲೆಂಡಿನ ಕೋರ್ ಡಿಸೈನ್‌ನಿಂದ 'ಟೂಂಬ್ ರೈಡರ್' ಬಂತು. ಟೋಬಿ ಗಾರ್ಡ್ ರೂಪಿಸಿದ ಲಾರಾ ಕ್ರಾಫ್ಟ್ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಆಗಿದೆ. ಪೋಸ್ಟರ್‌ಗಳ ಲಾರಾ ಗಂಡಸರ ಕಣ್ಣಿಗಾಗಿಯೇ ಇದ್ದವಳು, ಅದರಲ್ಲಿ ವಾದ ಇಲ್ಲ. ಆ ಪ್ರಚಾರದ ರೀತಿ ಗಾರ್ಡ್‌ಗೂ ಹಿಡಿಸಲಿಲ್ಲ, 1997ರಲ್ಲಿ ಕಂಪನಿ ಬಿಟ್ಟರು. ಆದರೆ ಪೋಸ್ಟರ್ ಪಕ್ಕಕ್ಕಿಟ್ಟು ಆಡಿ ನೋಡಿದರೆ ಬೇರೆಯದೇ ಅನುಭವ. ಹೆಜ್ಜೆ ಲೆಕ್ಕ ಹಾಕಿ ನಿಲ್ಲಿಸಬೇಕು, ಅಂಚಿನಲ್ಲಿ ಒಂದು ಹೆಜ್ಜೆ ಹಿಂದೆ ಬಂದು ಓಡಿ ಹಾರಬೇಕು. ಬೆರಳಿಗೆ ಆಕೆಯ ಮೈಯ ಅಳತೆ ಗೊತ್ತಾಗುವ ತನಕ ಗುಹೆ ದಾಟಲು ಆಗುವುದಿಲ್ಲ. ಸ್ತ್ರೀವೇಷದವರು ನಡೆ ಕಲಿತ ಹಾಗೆಯೇ ಇದೊಂದು ಕಲಿಕೆ. ಇನ್ನೊಂದು ನನಗೆ ಬಹಳ ಇಷ್ಟವಾದ ವಿವರ: ತಪ್ಪು ಜಾಗದಲ್ಲಿ ತಪ್ಪು ವಸ್ತು ಬಳಸಲು ಹೋದರೆ ಲಾರಾ 'ನೋ' ಅನ್ನುತ್ತಾಳೆ. ಅಷ್ಟೇ, ಒಂದು ಶಬ್ದ. ಆಡುವವನ ಕೈಗೊಂಬೆ ಅಂತ ನಾವು ಬರೆದುಬಿಡುವ ಪಾತ್ರ ಆಡುವವನಿಗೇ 'ಇಲ್ಲ' ಅಂದದ್ದನ್ನು ವಿಮರ್ಶೆ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

2013ರ ಹೊಸ 'ಟೂಂಬ್ ರೈಡರ್' ಈ ದೃಷ್ಟಿಯಿಂದ ಮುಂದೆ ಹೋಯಿತಾ? ಎಣಿಸಿ ಅಳೆಯುವ ಕ್ರಮದಲ್ಲಿ ಖಂಡಿತ ಹೋಯಿತು. ಬಟ್ಟೆ ಹೆಚ್ಚಾಯಿತು, ಮೈ ಸಹಜವಾಯಿತು, ಕಥೆ ಬರೆದವರಲ್ಲಿ ಮುಖ್ಯರು ರಿಯಾನಾ ಪ್ರಾಚೆಟ್, ಒಬ್ಬ ಹೆಂಗಸು. ಆದರೆ ಗೇಮ್ ಬರುವ ಮೊದಲೇ, 2012ರಲ್ಲಿ, ಅದರ ಕಾರ್ಯಕಾರಿ ನಿರ್ಮಾಪಕರು ಸಂದರ್ಶನವೊಂದರಲ್ಲಿ ಆಡುವವರಿಗೆ ಲಾರಾಳನ್ನು ರಕ್ಷಿಸಬೇಕು ಅನಿಸುತ್ತದೆ ಎಂಬ ಅರ್ಥದ ಮಾತು ಆಡಿದ್ದರು. ದೊಡ್ಡ ಗಲಾಟೆ ಆಯಿತು. ಆದರೆ ಆ ಮಾತು ಬಾಯಿ ತಪ್ಪಿ ಬಂದದ್ದಲ್ಲ, ಗೇಮ್‌ನ ರಚನೆಯಲ್ಲೇ ಉಂಟು. ನದಿಯ ಸೆಳವಿನಲ್ಲಿ ಕೊಚ್ಚಿಹೋಗುವ ಭಾಗ ನೆನಪಿಸಿಕೊಳ್ಳಿ. ಗುರಿ ತಪ್ಪಿದರೆ ಚೂಪಾದ್ದೊಂದು ಕುತ್ತಿಗೆಗೆ ಹೊಕ್ಕು, ಅವಳು ಒದ್ದಾಡಿ ಸಾಯುವುದನ್ನು ಕ್ಯಾಮೆರಾ ಹತ್ತಿರದಿಂದ, ನಿಧಾನಕ್ಕೆ ತೋರಿಸುತ್ತದೆ. ಅಷ್ಟು ಹೊತ್ತು ಕೈಯಲ್ಲಿ ಮಾಡುವಂಥದ್ದು ಏನೂ ಇಲ್ಲ, ನೋಡಬೇಕು ಅಷ್ಟೇ. ನನ್ನ ತಮ್ಮ 1996ರ ಲಾರಾ ಹೊಂಡಕ್ಕೆ ಬಿದ್ದಾಗ 'ಛೆ, ಸತ್ತೆ' ಅಂದವನು, ಇಲ್ಲಿ ಅಂದದ್ದು 'ಅಯ್ಯೋ, ಸತ್ತಳು ಮಾರಾಯ'. ಅದೇ ಹೆಸರು, ಅದೇ ಹುಡುಗ. ಬದಲಾದದ್ದು ಕ್ಯಾಮೆರಾ ಇದ್ದ ಜಾಗ. ಬಟ್ಟೆ ಅಳೆಯುವ ವಿಮರ್ಶೆ ಎರಡನೆಯದನ್ನು ಪ್ರಗತಿ ಅನ್ನುತ್ತದೆ. ನಾನು ಅನ್ನಲಾರೆ. ಹೆಣ್ಣಿನ ಮೈಯನ್ನು ಆಸೆಯಿಂದ ನೋಡುತ್ತಿದ್ದ ಕಣ್ಣು ಕನಿಕರದಿಂದ ನೋಡತೊಡಗಿತು. ಆದರೆ ನೋಡುವುದು ಬಿಡಲಿಲ್ಲ.

ಇದಕ್ಕೆ ಎದುರಾಗಿ 2020ರ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2'. ಅರ್ಧ ಗೇಮ್ ಎಲ್ಲಿಯಾಗಿ ಆಡಿ, ಜೋಯಲ್‌ನನ್ನು ಕೊಂದ ಆ್ಯಬಿಯನ್ನು ದ್ವೇಷಿಸಿದವರ ಕೈಗೆ ಗೇಮ್ ಏಕಾಏಕಿ ಆ್ಯಬಿಯನ್ನೇ ಕೊಡುತ್ತದೆ. ಆಮೇಲೆ ಆ್ಯಬಿಯಾಗಿ ಎಲ್ಲಿಯ ಮೇಲೆಯೇ ಕೈ ಎತ್ತಬೇಕು. ನಿನ್ನೆಯವರೆಗೆ 'ಅವಳು' ಆಗಿದ್ದವಳು ಇವತ್ತು 'ನಾನು'. ತುಂಬ ಜನರಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಆ್ಯಬಿಯ ಗಟ್ಟಿ ತೋಳುಗಳನ್ನು ನೋಡಿ ಇದು ಹೆಣ್ಣಿನ ಮೈಯೇ ಅಲ್ಲ ಅಂತ ಜಗಳ ತೆಗೆದರು, ಪಾತ್ರಕ್ಕೆ ಧ್ವನಿ ಕೊಟ್ಟ ಲಾರಾ ಬೇಯ್ಲಿಗೆ ಕೊಲೆ ಬೆದರಿಕೆಗಳು ಬಂದವು. ನಟಿಗೆ ಬೆದರಿಕೆ ಹಾಕುವ ಮಟ್ಟದ ಸಿಟ್ಟು ಬರೀ ಕಥೆಯ ಮೇಲಿನದ್ದು ಅಂತ ನನಗೆ ಅನಿಸುವುದಿಲ್ಲ. ನೋಡಲು ಹಿಡಿಸದ ಹೆಣ್ಣನ್ನು 'ನಾನು' ಅನ್ನಬೇಕಾಗಿ ಬಂದದ್ದರ ಸಿಟ್ಟು ಅದರಲ್ಲಿ ಸೇರಿಕೊಂಡಿದೆ.

ನಮ್ಮ ದೇಶದ ಕಡೆಗೆ ಬರೋಣ. 2020ರಲ್ಲೇ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 'ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್' ತಂದಿತು. ಸರ್ಕಸ್ ಹುಡುಗಿ ರಾಜಿ, ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಡುತ್ತಾಳೆ. 1981ರ 'ಡಾಂಕಿ ಕಾಂಗ್'ನಿಂದ ಹುಡುಗಿಯನ್ನು ಹುಡುಗ ಬಿಡಿಸಿ ತರುವುದೇ ನಡೆದುಬಂದ ಲೋಕದಲ್ಲಿ ಇದು ಸಂತೋಷದ ತಿರುವು. ಗೋಡೆಯ ಮೇಲೆ ಓಡುವುದು, ಕಂಬ ಹಿಡಿದು ಸುತ್ತಿ ಒದೆಯುವುದು ಎಲ್ಲ ಅವಳ ಸರ್ಕಸ್ಸಿನ ಸ್ವಂತ ವಿದ್ಯೆ, ಅದು ಬೆರಳಿಗೂ ಸಿಗುತ್ತದೆ. ಆದರೆ ಗೇಮ್ ಉದ್ದಕ್ಕೂ ಅವಳ ಕಥೆ ಹೇಳುವವರು ದುರ್ಗೆ ಮತ್ತು ವಿಷ್ಣು. ಇಬ್ಬರೂ ಮೇಲೆ ಕೂತು 'ಅವಳು' ಅಂತ ಮಾತಾಡಿಕೊಳ್ಳುತ್ತಾರೆ, ಕ್ಯಾಮೆರಾ ಕೂಡ ಹೆಚ್ಚಾಗಿ ದೂರದಲ್ಲಿ, ತುಸು ಮೇಲೆಯೇ ಇರುತ್ತದೆ. ಆಡುವವರಿಗೆ ಸಿಕ್ಕಿದ್ದು ಹುಡುಗಿಯ ಕೈಕಾಲು, ದೇವರ ಕಣ್ಣು. ಇನ್ನೊಂದು ಮಾತು: ಲಾರಾ 2013ರಲ್ಲಿ ಗೆಳತಿಗಾಗಿ, ರಾಜಿ ತಮ್ಮನಿಗಾಗಿ, ಎಲ್ಲಿ ತಂದೆಯ ಸ್ಥಾನದವನಿಗಾಗಿ ಆಯುಧ ಹಿಡಿಯುತ್ತಾರೆ. ಗೇಮ್ ನಾಯಕಿಗೆ ಮನೆ ಬಿಡಲು ಇನ್ನೂ ಸಂಬಂಧದ ಚೀಟಿ ಬೇಕು. 1996ರ ಲಾರಾಗೆ ಬೇಕಿರಲಿಲ್ಲ. ಅವಳು ಹಣಕ್ಕಾಗಿ ಕೂಡ ಅಲ್ಲ, ಖುಷಿಗಾಗಿ ಹೋದವಳು.

ಚಾಟ್‌ನಲ್ಲಿ ಹೊಸೂರಿನ ಗೆಳತಿಯೊಬ್ಬರು ಬರೆದಿದ್ದಾರೆ: "ಹಾಗಾದರೆ 'ವೆನ್ಬಾ'? ಅಲ್ಲಿ ಹೆಣ್ಣನ್ನು ಪುನಃ ಅಡುಗೆಮನೆಗೇ ಕಳಿಸಿದ್ದಾರಲ್ಲ?" ಒಳ್ಳೆಯ ಪ್ರಶ್ನೆ. ಆಡದವರಿಗಾಗಿ ಎರಡು ಮಾತು. 2023ರಲ್ಲಿ ಟೊರಾಂಟೋದ ವಿಸೈ ಗೇಮ್ಸ್ ಮಾಡಿದ್ದು, ಮರುವರ್ಷ ಹೊಸಬರ ಗೇಮ್ ವಿಭಾಗದಲ್ಲಿ ಬಾಫ್ಟಾ ಪ್ರಶಸ್ತಿ ಬಂತು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ ವೆನ್ಬಾ, ಪಾವಲನ್, ಅವರ ಮಗ ಕವಿನ್. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದು, ಅಕ್ಷರ ಅಳಿಸಿಹೋಗಿವೆ. ಬಿಟ್ಟುಹೋದ ಹಂತಗಳನ್ನು ಊಹಿಸಿ ಇಡ್ಲಿ, ಪುಟ್ಟು, ಬಿರಿಯಾನಿ ಮಾಡುವುದೇ ಆಟ. ಇಲ್ಲಿ ಸಾಯುವುದು ಅಂತ ಇಲ್ಲ, ಕೆಟ್ಟರೆ ಮತ್ತೆ ಮಾಡಬೇಕು.

ನನ್ನ ತಮ್ಮ ಇದನ್ನೂ ಆಡಿದ. ಮನೆಯಲ್ಲಿ ಇಡ್ಲಿ ಪಾತ್ರೆ ಮುಟ್ಟಿ ಗೊತ್ತಿಲ್ಲದವನು 'ನಾನು ಇಡ್ಲಿ ಹಾಳು ಮಾಡಿದೆ' ಅಂದ. ಅಡುಗೆ ಇಲ್ಲಿ ಅಲಂಕಾರ ಅಲ್ಲ, ಯೋಚಿಸಿ ಮಾಡುವ ಕೆಲಸ. ಹರಿದ ಹಸ್ತಪ್ರತಿಯನ್ನು ಓದಿದ ಹಾಗೆ. ಆದ್ದರಿಂದ ಅಡುಗೆಮನೆ ಎಂಬ ಕಾರಣಕ್ಕೇ ಅದನ್ನು ಹಿಂದಿನದ್ದು ಅನ್ನಲು ನಾನು ಒಪ್ಪುವುದಿಲ್ಲ. ನನ್ನ ತಕರಾರು ಬೇರೆ ಕಡೆ ಉಂಟು. ಗಂಡಹೆಂಡಿರ ಕೆಲಸ ಹುಡುಕುವ ಪಾಡು, ಊರಿಗೆ ವಾಪಸ್ ಹೋಗಬೇಕಾ ಎಂಬ ಚಿಂತೆ ಎಲ್ಲ ಸಂಭಾಷಣೆಯಲ್ಲಿ ಬರುತ್ತದೆ. ಕೈಗೆ ಸಿಗುವುದು ಅಡುಗೆ ಒಂದೇ. ವೆನ್ಬಾಳ ಉಳಿದ ಬದುಕನ್ನು ನಾವು ಕೇಳುತ್ತೇವೆ, ಆಡುವುದಿಲ್ಲ. ಕೊನೆ ಕೊನೆಗೆ ಆ ಪುಸ್ತಕ ಅರ್ಧಂಬರ್ಧ ತಮಿಳು ಬರುವ ಕವಿನ್ ಕೈಗೆ ಬರುತ್ತದೆ, 'ನಾನು' ಅಮ್ಮನಿಂದ ಮಗನಿಗೆ ದಾಟುತ್ತದೆ. ಮಕ್ಕಳು ಮನೆಮಾತಿಗೆ ಬೇರೆ ಭಾಷೆಯಲ್ಲಿ ಉತ್ತರ ಕೊಡುವುದನ್ನು ಕಂಡಿರುವ ನಮಗೆ ಆ ಭಾಗ ಗಂಟಲು ಕಟ್ಟಿಸುತ್ತದೆ. ಆದರೂ ಕೇಳಬೇಕು: ಅಮ್ಮನ ವಿದ್ಯೆಗೆ ಬೆಲೆ ಬರಲು ಮಗ ತಿರುಗಿ ನೋಡುವ ತನಕ ಕಾಯಬೇಕಾ?

ಈಗ ನನ್ನ ವಾದಕ್ಕೆ ನಾನೇ ಹಾಕಬೇಕಾದ ಅಡ್ಡಗಾಲು. ಗಂಡಸು ಹೆಣ್ಣಾಗಿ 'ನಾನು' ಅಂದ ಮಾತ್ರಕ್ಕೆ ಹೆಣ್ಣಿಗೆ ನ್ಯಾಯ ಸಿಗುವುದಿಲ್ಲ. ತಾಳಮದ್ದಳೆಯ ದ್ರೌಪದಿ ಎಷ್ಟು ಚೆನ್ನಾಗಿ ವಾದಿಸಿದರೂ ಬಹುಕಾಲ ಹೆಂಗಸರು ಕೂತದ್ದು ಕೇಳುವವರ ಸಾಲಿನಲ್ಲೇ. ಮಹಿಳಾ ಕೂಟಗಳು ಬಂದ ಮೇಲೆ ತಾನೇ ಆ 'ನಾನು' ಬೇರೆ ಗಂಟಲಿನಿಂದ ಕೇಳಿಸಿದ್ದು.

2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಗಿ, 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ತಿರುಗಿ ಬಂತಲ್ಲ, ಅದನ್ನು ಆಡುವ ಹುಡುಗಿಯರಲ್ಲಿ ನನಗೆ ಪರಿಚಯದ ಒಬ್ಬಳು ಹಾಸ್ಟೆಲ್‌ನಲ್ಲಿ ಇರುವವಳು. ಅವಳ ಮೈಕ್ ಯಾವಾಗಲೂ ಬಂದ್. ಒಮ್ಮೆ ಮಾತಾಡಿದ್ದಕ್ಕೆ ಗುರುತಿಲ್ಲದ ತಂಡದವರು ಆಟ ಬಿಟ್ಟು ಅವಳ ನಂಬರ್ ಕೇಳಲು ಶುರು ಮಾಡಿದರಂತೆ. ಕನ್ನಡದವರೇ ಸಿಕ್ಕಿದರೆ ಚಾಟ್‌ನಲ್ಲಿ 'ಬರ್ತೇನೆ', 'ಸತ್ತೆ' ಅಂತ ಬರೆದು ನಿಶ್ಚಿಂತೆಯಿಂದ ಆಡ್ತಾಳೆ, ಕ್ರಿಯಾಪದ ಅವಳನ್ನು ಬಿಟ್ಟುಕೊಡುವುದಿಲ್ಲ. ಹಿಂದಿಯವರ ತಂಡವಾದರೆ 'ಆ ರಹಾ ಹೂಂ' ಅಂತ ಗಂಡಾಗಿ ಬರೆಯುತ್ತಾಳೆ. ಅವತಾರವೂ ಗಂಡಿನದ್ದೇ ಇಟ್ಟುಕೊಂಡಿದ್ದಾಳೆ. ಅದೇ ಗೇಮ್‌ನಲ್ಲಿ ನನ್ನ ತಮ್ಮನದ್ದು ಹೆಣ್ಣಿನ ಅವತಾರ. ಬಟ್ಟೆ ಚೆನ್ನಾಗಿ ಉಂಟು ಅಂತ ಕಾರಣ.

ಎಷ್ಟು ನಾಯಕಿಯರು ಎಂಬ ನಮ್ಮ ಕೋಷ್ಟಕದಲ್ಲಿ ಇವರಿಬ್ಬರನ್ನು ಯಾವ ಕಾಲಮ್ಮಿಗೆ ಹಾಕುವುದು ಅಂತ ನನಗೆ ಗೊತ್ತಾಗಲಿಲ್ಲ.

ಇದಕ್ಕಾಗಿಯೇ ಈ ಗೋಷ್ಠಿಯ ಮುಂದೆ ಒಂದು ಕೇಳಿಕೆ ಇಡ್ತೇನೆ. ಮಲಯಾಳದಲ್ಲಿ 'ಚತ್ತು' ಅಂದರೆ ಅವನೂ ಆದೀತು, ಅವಳೂ ಆದೀತು, ನಾನೂ ಆದೀತು. ಹಾಗಾಗಿ ಕಾಸರಗೋಡಿನ ಹುಡುಗರು ಮಲಯಾಳಕ್ಕೆ ಹೊರಳಿದ ಕೂಡಲೇ ನನ್ನ ಪರೀಕ್ಷೆ ನಿಂತುಹೋಗುತ್ತದೆ. ಸೊಲ್ಲಾಪುರ, ಜತ್ತ ಕಡೆಯವರ ಮರಾಠಿಯಲ್ಲಿ ಹುಡುಗ 'ಮೀ ಮೇಲೋ', ಹುಡುಗಿ 'ಮೀ ಮೇಲೆ' ಅನ್ನಬೇಕು. ಆದೋನಿ, ಮಡಕಶಿರಾದ ತೆಲುಗಿನಲ್ಲಿ ನಾಯಕಿ ಸತ್ತರೂ ನಾಯಿ ಸತ್ತರೂ 'ಚಚ್ಚಿಂದಿ', ನಾಯಕ ಸತ್ತರೆ ಮಾತ್ರ 'ಚಚ್ಚಾಡು'. ಒಂದೇ ಗೇಮ್, ಒಂದೇ ನಾಯಕಿ, ಎರಡೆರಡು ಭಾಷೆಯ ಮಕ್ಕಳು. ಅವರು ಯಾವಾಗ ಕನ್ನಡದಲ್ಲಿ ಸಾಯುತ್ತಾರೆ, ಯಾವಾಗ ಪಕ್ಕದ ಭಾಷೆಯಲ್ಲಿ, ಅಲ್ಲಿ 'ನಾನು' ಎಷ್ಟು, 'ಅವಳು' ಎಷ್ಟು ಅಂತ ನಿಮ್ಮ ನಿಮ್ಮ ಮನೆಗಳಲ್ಲಿ ಒಂದು ವಾರ ಕೇಳಿಸಿಕೊಂಡು ಬರೆದಿಟ್ಟರೆ, ಮುಂದಿನ ಗೋಷ್ಠಿಯಲ್ಲಿ ಕೂತು ಹೋಲಿಸಬಹುದು. ಹುಡುಗಿಯರು ಆಡುವುದನ್ನು ಬಿಡಬೇಡಿ. ಅವರು ಹೆಚ್ಚಾಗಿ ಇಯರ್‌ಫೋನ್ ಹಾಕಿ, ಬಾಗಿಲು ಹಾಕಿಕೊಂಡು ಆಡ್ತಾರೆ. ಕೇಳಿಯೇ ಒಳಗೆ ಹೋಗಬೇಕಾದೀತು.