ಕರುತ ಸೂತ್ರ ವ್ಯಾಖ್ಯಾನ

ಜಪಾನಿನ ವಿದ್ಯಾರ್ಥಿಗಳು ಆಡುವ ಸ್ಪರ್ಧಾ ಕರುತ ಎಂಬ ಚೀಟಿಯಾಟದ ವಿಧಿಯನ್ನು ಒಂದು ಸೂತ್ರದಲ್ಲಿ ಅಡಗಿಸುವುದಾದರೆ ಅದು ಹೀಗಿದ್ದೀತು: “ನೂರರಲ್ಲಿ ಅರ್ಧವನ್ನು ಹರಡಿ, ನೆನೆದು, ಆಲಿಸಿ, ಮುಟ್ಟಿ, ತನ್ನ ನೆಲವನ್ನು ಬರಿದುಮಾಡಿದವರಿಗೆ ಜಯ.” ಇದರ ಒಂದೊಂದು ಪದವನ್ನೂ ಬಿಡಿಸಿ ನೋಡತಕ್ಕದ್ದು.

‘ನೂರು’ ಎಂದರೆ ಹ್ಯಾಕುನಿನ್ ಇಷ್ಷು, ಅರ್ಥಾತ್ ನೂರು ಕವಿಗಳಿಂದ ಒಂದೊಂದರಂತೆ ಆಯ್ದ ನೂರು ಪದ್ಯ. 13ನೆಯ ಶತಮಾನದಲ್ಲಿ ಫುಜಿವಾರಾ ನೊ ತೇಯಿಕಾ ಎಂಬ ಕವಿ ಇವನ್ನು ಆರಿಸಿದನೆಂದು ಪ್ರತೀತಿ. ಎಲ್ಲವೂ ತಂಕಾ, ಪೂರ್ವಾರ್ಧಕ್ಕೆ 5-7-5, ಉತ್ತರಾರ್ಧಕ್ಕೆ 7-7 ಅಕ್ಷರಗಳ ನಡೆ. ಓದುವ ಚೀಟಿಯಲ್ಲಿ ಇಡೀ ಪದ್ಯವುಂಟು. ನೆಲದ ಮೇಲಿಡುವ ಚೀಟಿಯಲ್ಲಿ ಉತ್ತರಾರ್ಧ ಮಾತ್ರ, ಅದೂ ಬರಿಯ ಹಿರಾಗಾನಾ ಲಿಪಿಯಲ್ಲಿ. ಪೂರ್ವಾರ್ಧ ಕಂಠಸ್ಥವಾಗದವರಿಗೆ ಆ ಚೀಟಿ ಮೂಕ.

‘ಅರ್ಧವನ್ನು ಹರಡಿ’: ಐವತ್ತು ಚೀಟಿಗಳನ್ನು ಆಯ್ದು, ಇದಿರುಬದಿರು ಕುಳಿತ ಇಬ್ಬರು ಇಪ್ಪತ್ತೈದರಂತೆ ಮೂರು ಸಾಲಿನಲ್ಲಿ ತತಾಮಿ ಚಾಪೆಯ ಮೇಲೆ ಜೋಡಿಸುತ್ತಾರೆ. ಅದೇ ಅವರವರ ನೆಲ. ಉಳಿದ ಐವತ್ತು ನೆಲದಲ್ಲಿಲ್ಲ. ಆದರೂ ಅವನ್ನೂ ಓದಲಾಗುತ್ತದೆ. ಕಿವಿಗೆ ಬಿದ್ದದ್ದೆಲ್ಲ ಕೈಗೆ ಸಿಗುವುದಲ್ಲವೆಂಬ ಎಚ್ಚರ ಇಲ್ಲಿಯೇ ಮೊದಲಾಗುತ್ತದೆ.

‘ನೆನೆದು’ ಎಂಬುದಕ್ಕೆ ಹದಿನೈದು ನಿಮಿಷ. ಯಾವ ಚೀಟಿ ಎಲ್ಲಿದೆಯೆಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುವ ಕಾಲವಿದು.

‘ಆಲಿಸಿ’ ಎಂಬ ಪದವೇ ಸೂತ್ರದ ಪ್ರಾಣ. ಆಲಿಸುವುದೆಂದರೆ ಪದ್ಯ ಮುಗಿಯುವತನಕ ಕಾಯುವುದಲ್ಲ, ಅದು ಯಾವುದೆಂದು ನಿಶ್ಚಯವಾಗುವ ಅಕ್ಷರಕ್ಕೆ ಕಿವಿಗೊಡುವುದು. ಈ ನಿರ್ಣಾಯಕ ಭಾಗಕ್ಕೆ ಕಿಮಾರಿಜಿ ಎಂದು ಹೆಸರು. ‘ಸು’ ಎಂದು ಮೊದಲಾಗುವ ಪದ್ಯ ನೂರರಲ್ಲಿ ಒಂದೇ. ಆದ್ದರಿಂದ ಆ ಒಂದು ಅಕ್ಷರ ಕೇಳಿದೊಡನೆ ಕೈ ಹಾರುತ್ತದೆ. ಇಂಥವು ಏಳು. ಕೆಲವು ಜೋಡಿಗಳಲ್ಲಿ ಮೊದಲ ಐದು ಅಕ್ಷರಗಳೂ ಒಂದೇ ಆಗಿದ್ದು, ಆರನೆಯದು ಬರುವವರೆಗೆ ಕೈ ತಡೆದಿರಬೇಕು. ಇನ್ನೊಂದು ಸೂಕ್ಷ್ಮವುಂಟು. ‘ಉ’ಕಾರದಿಂದ ಮೊದಲಾಗುವವು ಎರಡು: ‘ಉಕ’, ‘ಉರ’. ಇವುಗಳಲ್ಲಿ ‘ಉರ’ವನ್ನು ಓದಿ ಆಯಿತೆನ್ನಿ, ಆಮೇಲೆ ‘ಉ’ ಒಂದೇ ಸಾಕು. ಹೀಗೆ ನಿರ್ಣಯದ ಅಕ್ಷರ ಆಟದುದ್ದಕ್ಕೂ ಕುಗ್ಗುತ್ತ ಹೋಗುತ್ತದೆ. ಓದಿ ಮುಗಿದ ಪದ್ಯಗಳನ್ನು ಮರೆತವರಿಗೆ ಓದಲಿರುವುದೂ ತಿಳಿಯದು. ಪದ್ಯಾರ್ಥವನ್ನು ಬಿಟ್ಟು ಸದ್ದನ್ನಷ್ಟೇ ಹಿಡಿಯುವ ಆಟವಿದೆಂಬ ಆಕ್ಷೇಪ ನಿಲ್ಲದು. ನೂರು ಪದ್ಯಗಳನ್ನು ಅಕ್ಷರ ತಪ್ಪದೆ ಧಾರಣೆ ಮಾಡಿದ ಹದಿಹರೆಯದವರಿಗೆ ಅರ್ಥದ ಬಾಗಿಲು ಎಂದೂ ಮುಚ್ಚಿರುವುದಿಲ್ಲ.

‘ಮುಟ್ಟಿ’: ಸರಿಯಾದ ಚೀಟಿಯನ್ನು ಮೊದಲು ಮುಟ್ಟಿದವರಿಗೆ, ಇಲ್ಲವೆ ಅದನ್ನು ಮೊದಲು ನೆಲದಾಚೆ ತಳ್ಳಿದವರಿಗೆ ಅದು ಸಲ್ಲುತ್ತದೆ. ನೆಲದಲ್ಲಿಲ್ಲದ ಪದ್ಯಕ್ಕೆ ಕೈಯಿಟ್ಟರೆ ತಪ್ಪು. ಎದುರಾಳಿ ತನ್ನದೊಂದು ಚೀಟಿಯನ್ನು ತಪ್ಪಿದವರಿಗೆ ದಾಟಿಸುತ್ತಾರೆ.

‘ತನ್ನ ನೆಲವನ್ನು ಬರಿದುಮಾಡಿ’ ಎಂಬಲ್ಲಿ ಗೆಲುವು ಕೂಡಿಡುವುದರಲ್ಲಿಲ್ಲವೆಂಬುದು ಸ್ಪಷ್ಟ. ಎದುರಾಳಿಯ ನೆಲದ ಚೀಟಿಯನ್ನು ಗೆದ್ದರೆ ತನ್ನದೊಂದನ್ನು ಅತ್ತ ಕಳುಹಿಸಬೇಕು.

‘ಜಯ’ ಇಬ್ಬರಲ್ಲಿ ಒಬ್ಬರದಾದರೂ ಶಾಲಾಪಂದ್ಯದಲ್ಲಿ ತಂಡದ್ದು: ಐವರಲ್ಲಿ ಮೂವರು ಗೆಲ್ಲಬೇಕು. ಅಖಿಲ ಜಪಾನ್ ಪ್ರೌಢಶಾಲಾ ಪಂದ್ಯಾವಳಿ 1979ರಲ್ಲಿ ಮೊದಲಾಯಿತು. ಅದರ ನೆಲೆ ಬಿವಾ ಸರೋವರದ ಬಳಿ, ಓತ್ಸು ನಗರದ ಓಮಿ ಜಿಂಗು ದೇಗುಲ. ಅಲ್ಲಿ ಆರಾಧನೆಗೊಳ್ಳುವವನು ತೆಂಜಿ ಚಕ್ರವರ್ತಿ. ನೂರರಲ್ಲಿ ಮೊದಲನೆಯ ಪದ್ಯ ಅವನದೇ.