ಮೂಗರ್ಜಿಗೂ ಜಾತಿಯಿದೆ

ಕಚೇರಿಯ ಹೊಟ್ಟೆಕಿಚ್ಚನ್ನು 'ಮನುಷ್ಯ ಸ್ವಭಾವ' ಎಂದು ತಳ್ಳಿಹಾಕುವ ರೂಢಿ ನಮ್ಮಲ್ಲಿದೆ. 'ಬಿಡ್ರೀ, ಎಲ್ಲಾ ಕಡೆ ಇದ್ದದ್ದೇ' ಅಂತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಕಿಚ್ಚು ಎಲ್ಲರ ಹೊಟ್ಟೆಯಲ್ಲೂ ಇರಬಹುದು. ಆದರೆ ಅದು ಯಾರ ಮನೆ ಸುಡಬೇಕು ಎಂಬುದನ್ನು ಈ ದೇಶದಲ್ಲಿ ಜಾತಿ ತೀರ್ಮಾನಿಸುತ್ತದೆ.

1917ರಲ್ಲಿ ಅಂಬೇಡ್ಕರ್ ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಅಲ್ಲಿನ ಜವಾನರು ಕಡತಗಳನ್ನು ಅವರ ಕೈಗೆ ಕೊಡದೆ ದೂರದಿಂದ ಎಸೆಯುತ್ತಿದ್ದರು. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಸಹೋದ್ಯೋಗಿಗಳ ತಕರಾರು ನೀರಿನ ಪಾತ್ರೆಯ ಬಗ್ಗೆ. ಹೊಟ್ಟೆಕಿಚ್ಚು ಸರೀಕರ ನಡುವೆ ಹುಟ್ಟುವಂಥದ್ದು. ಜವಾನ ಅಧಿಕಾರಿಗೆ ಸರೀಕನೇ? ಅಲ್ಲ. ತನ್ನ ಕೆಳಗಿರಬೇಕಾದವನು ಮೇಲೆ ಕೂತುಬಿಟ್ಟನಲ್ಲ ಎಂಬ ಸಂಕಟ ಅದು.

ಕಡತ ಎಸೆಯುವ ಕೈ ಈಗ ಮೂಗರ್ಜಿ ಬರೆಯುತ್ತದೆ. 'ಅವನಿಗೇನ್ರೀ, ಕೋಟಾದಲ್ಲಿ ಬಂದೋನು' ಎನ್ನುತ್ತದೆ. ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂಬ ಹೆಸರಿಟ್ಟು ಇಂಥ ಲೇವಡಿಯನ್ನೇ ತಿರುಗಿಸಿ ಹಿಡಿದರು. ಸರ್ಕಾರ ಕೊಟ್ಟಿದ್ದು ನಗೆಪಾಟಲು, ಹುಟ್ಟು ಕೊಟ್ಟಿದ್ದು ಯೋಗ್ಯತೆ! ಇದ್ಯಾವ ನ್ಯಾಯ?

ಬಡ್ತಿಯ ವಿಚಾರವನ್ನೇ ನೋಡಿ. ಮೀಸಲಾತಿಯಲ್ಲಿ ಬಡ್ತಿ ಪಡೆದವರ ಜ್ಯೇಷ್ಠತೆ ಕಾಪಾಡಲು ಕರ್ನಾಟಕ 2002ರಲ್ಲಿ ಕಾಯ್ದೆ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. 2018ರ ಹೊಸ ಕಾಯ್ದೆಯನ್ನು 2019ರಲ್ಲಿ ಎತ್ತಿಹಿಡಿಯಿತು. ಪರೀಕ್ಷೆಯ ಅಂಕವಷ್ಟೇ ಯೋಗ್ಯತೆಯಲ್ಲ ಎಂದು ಆಗ ನ್ಯಾಯಾಲಯವೇ ಹೇಳಿತು. ಆದರೆ ತೀರ್ಪು ಕಚೇರಿಯ ಚಹಾದಂಗಡಿಯವರೆಗೆ ನಡೆದು ಬರುವುದಿಲ್ಲ. ಅಲ್ಲಿ ಹಳೆಯ ಮಾತೇ ನಡೆಯುತ್ತದೆ.

ಇಷ್ಟು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಕೇರಿಯ ಒಬ್ಬ ಮುಖ್ಯೋಪಾಧ್ಯಾಯನಾದರೆ, ನಮ್ಮವನೇ ಇನ್ನೊಬ್ಬ ಅವನ ಮೇಲೆ ಚಾಡಿ ಹೊತ್ತು ಸಾಹೇಬರ ಬಾಗಿಲಿಗೆ ಹೋಗುವುದನ್ನು ನಾವು ಕಂಡಿದ್ದೇವೆ. ಎಡಗೈ, ಬಲಗೈ ಎಂಬ ಲೆಕ್ಕವೂ ಅಲ್ಲಿ ಸೇರಿಕೊಳ್ಳುತ್ತದೆ. ಒಂದೇ ಕುರ್ಚಿಯಿಟ್ಟು ಹತ್ತು ಜನರನ್ನು ಓಡಿಸಿದರೆ ಪಕ್ಕದಲ್ಲಿ ಓಡುವವನೇ ಶತ್ರುವಾಗಿ ಕಾಣುತ್ತಾನೆ. ಒಂದೇ ಕುರ್ಚಿ ಇಟ್ಟವನು ಕಣ್ಣಿಗೆ ಬೀಳುವುದೇ ಇಲ್ಲ. ಹಾಗಂತ ನಮ್ಮ ಚಾಡಿ ಮಾಫಿಯಾಗುವುದಿಲ್ಲ. ಅದರ ಫಲ ತಿನ್ನುವವರು ಯಾರೆಂಬುದು ನಮಗೆ ಗೊತ್ತೇ ಇದೆ.

ಗೆಳೆಯರೇ, ನಮ್ಮವನ ತಪ್ಪು ಮುಚ್ಚಿಡಿ ಎಂದು ನಾವು ಹೇಳುತ್ತಿಲ್ಲ. ಲಂಚ ತಿಂದರೆ, ಮಕ್ಕಳಿಗೆ ಪಾಠ ಮಾಡದೆ ಸಂಬಳ ಎಣಿಸಿದರೆ, ಸಭೆಯಲ್ಲಿ ಎದ್ದು ನಿಂತು ಮುಖಕ್ಕೆ ಮುಖ ಕೊಟ್ಟು ಕೇಳಿ. ಅದು ಟೀಕೆ. ಕತ್ತಲಲ್ಲಿ ಅಂಚೆಡಬ್ಬಿಗೆ ಹಾಕುವುದು ಟೀಕೆಯಲ್ಲ.

ಓದು ಬಾರದ ನಮ್ಮ ಅಪ್ಪಂದಿರು ಕೂಡ ಅರ್ಜಿಯ ಕೆಳಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಅಕ್ಷರ ಕಲಿತ ನಾವು ಸಹಿಯಿಲ್ಲದೆ ಬರೆಯುವುದೇ?