ಓದುಗರಿಗೆ ಸ್ಥಾನವಿಲ್ಲದ ಗ್ರಂಥಾಲಯ ಪ್ರಾಧಿಕಾರ

ಬೆಂಗಳೂರಿನಲ್ಲಿ ಮನೆ ಇರುವವರು ವರ್ಷಕ್ಕೊಮ್ಮೆ ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆಗೆ ಆರೋಗ್ಯ ಕರ, ಭಿಕ್ಷುಕರ ಕರ, ಗ್ರಂಥಾಲಯ ಕರ ಎಂದು ಇನ್ನಷ್ಟು ಕಟ್ಟುತ್ತಾರೆ. ಗ್ರಂಥಾಲಯದ ಪಾಲು ತೆರಿಗೆಯ ಶೇ. 6. ಹತ್ತು ಸಾವಿರ ರೂಪಾಯಿ ತೆರಿಗೆ ಇರುವ ಮನೆಯಿಂದ 600 ರೂಪಾಯಿ ಪುಸ್ತಕ, ವಾಚನಾಲಯಗಳ ಹೆಸರಿನಲ್ಲಿ ಹೋಗುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಯವರೂ ಈ ಕರ ಕಟ್ಟುವವರೇ. ಓದುವವರೂ ಓದದವರೂ ಸೇರಿ ಕೊಡುವ ಈ ಹಣದಲ್ಲಿ ಯಾವ ಬಡಾವಣೆಗೆ ಶಾಖೆ ಬೇಕು, ಯಾವುದರ ಸೂರು ಸೋರುತ್ತಿದೆ, ಎಷ್ಟು ಪತ್ರಿಕೆ ತರಿಸಬೇಕು ಎಂದು ತೀರ್ಮಾನಿಸಲು ಕಾನೂನು ಒಂದು ಮಂಡಳಿಯನ್ನು ನೇಮಿಸಿದೆ. ನಗರಗಳಲ್ಲಿ ಅದು ನಗರ ಗ್ರಂಥಾಲಯ ಪ್ರಾಧಿಕಾರ, ಜಿಲ್ಲೆಗಳಲ್ಲಿ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರ. ದಿನವೂ ಗ್ರಂಥಾಲಯಕ್ಕೆ ಹೋಗುವ ಹತ್ತು ಜನರನ್ನು ನಿಲ್ಲಿಸಿ ನಿಮ್ಮೂರಿನ ಪ್ರಾಧಿಕಾರದ ಒಬ್ಬ ಸದಸ್ಯರ ಹೆಸರು ಹೇಳಿ ಎಂದರೆ ಉತ್ತರ ಸಿಗುವುದು ಕಷ್ಟ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಬಹುಪಾಲು ಕಷ್ಟಗಳ ಬೇರು ಇಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ.

ಈ ಪ್ರಾಧಿಕಾರಗಳು ಹುಟ್ಟಿದ್ದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ. ಕಾಯ್ದೆ 1966ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಅದೇ ವರ್ಷ ನವೆಂಬರ್ 1ರಂದು ಗ್ರಂಥಾಲಯ ಇಲಾಖೆ ಶುರುವಾಯಿತು. ಅದಕ್ಕೂ ಮೊದಲು ಈ ನಾಡಿನ ಓದುಗರು ಬೇರೆ ಬೇರೆ ಕಾನೂನುಗಳ ಕೆಳಗೆ ಹಂಚಿಹೋಗಿದ್ದರು. ಮಂಗಳೂರು, ಬಳ್ಳಾರಿಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಅಲ್ಲಿಗೆ ಅನ್ವಯಿಸಿದ್ದು 1948ರ ಮದ್ರಾಸ್ ಕಾಯ್ದೆ, ಬೀದರ್, ರಾಯಚೂರು, ಕಲಬುರಗಿಗಳಿಗೆ 1955ರ ಹೈದರಾಬಾದ್ ಕಾಯ್ದೆ. ಹಳೆ ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ತೆರೆದಿದ್ದವು. ಬೆಂಗಳೂರಿನದು ಮುಂದೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ನೆಲೆಗೊಂಡಿತು. ಬೇರೆ ಬೇರೆಯಾಗಿದ್ದ ಇವನ್ನೆಲ್ಲ ಒಂದೇ ಜಾಲಕ್ಕೆ ತಂದ 1965ರ ಕಾಯ್ದೆಯ ಮೇಲೆ ಎಸ್. ಆರ್. ರಂಗನಾಥನ್ ಅವರ ಚಿಂತನೆಯ ಮುದ್ರೆ ಇದೆ. ಆ ಹೊತ್ತಿಗೆ ಅವರು ಬೆಂಗಳೂರಿನಲ್ಲೇ ನೆಲೆಸಿದ್ದರು, 1962ರಲ್ಲಿ ಇಲ್ಲಿಯೇ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು ಕಟ್ಟಿದ್ದರು.

ಕಾಯ್ದೆಯ ಒಳ್ಳೆಯತನವನ್ನು ಮೊದಲು ಹೇಳಬೇಕು. ಗ್ರಂಥಾಲಯ ಯಾರದೋ ದಾನದ ಮೇಲೆ ನಿಲ್ಲಬಾರದು, ಅದಕ್ಕೆ ತನ್ನದೇ ಆದಾಯ ಇರಬೇಕು ಎಂದು ಅದು ಕರ ವಿಧಿಸಿತು. ಸಿಬ್ಬಂದಿಯನ್ನು ರಾಜ್ಯ ಸೇವೆಗೆ ಸೇರಿಸಿ ಅವರ ಸಂಬಳಕ್ಕೆ ಭದ್ರತೆ ಕೊಟ್ಟಿತು. ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೂ ಪ್ರತಿ ಜಿಲ್ಲೆಗೂ ಒಂದೊಂದು ಪ್ರಾಧಿಕಾರವನ್ನು ಮಾಡಿ ಅದಕ್ಕೆ ಪ್ರತ್ಯೇಕ ನಿಧಿಯನ್ನೂ ಕಾನೂನಿನ ಅಸ್ತಿತ್ವವನ್ನೂ ಒದಗಿಸಿತು. ಇವೆಲ್ಲಕ್ಕೂ ಮೇಲೆ ಶಿಕ್ಷಣ ಸಚಿವರ ಅಧ್ಯಕ್ಷತೆಯ ರಾಜ್ಯ ಗ್ರಂಥಾಲಯ ಪ್ರಾಧಿಕಾರ ಸರ್ಕಾರಕ್ಕೆ ಸಲಹೆ ಕೊಡಬೇಕು. ಭಾರತದ ಅನೇಕ ರಾಜ್ಯಗಳು ಗ್ರಂಥಾಲಯ ಕಾನೂನಿನ ಯೋಚನೆಯನ್ನೇ ಮಾಡದಿದ್ದ ಕಾಲದಲ್ಲಿ ಇಷ್ಟು ಗಟ್ಟಿಯಾದ ಏರ್ಪಾಡು ಮಾಡಿದ್ದು ದೊಡ್ಡ ಮಾತು. ಹಳ್ಳಿ ಹಳ್ಳಿಗೂ ವಾಚನಾಲಯ ತಲುಪಿದ್ದರೆ ಅದರ ಹಿಂದೆ ಈ ಕಾಯ್ದೆಯ ಬಲವಿದೆ.

ಆದರೆ ಮಂಡಳಿಯಲ್ಲಿ ಯಾರು ಕೂರಬೇಕು ಎಂದು ಬರೆಯುವಾಗ ಕಾಯ್ದೆ ಎಡವಿತು. ಸ್ಥಳೀಯ ಪ್ರಾಧಿಕಾರದ ಸದಸ್ಯರು ಮೂರು ದಾರಿಗಳಲ್ಲಿ ಬರುತ್ತಾರೆ. ಹುದ್ದೆಯ ಕಾರಣಕ್ಕೆ ಬರುವವರು, ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು, ಸರ್ಕಾರ ನಾಮನಿರ್ದೇಶನ ಮಾಡುವವರು. ಗ್ರಂಥಾಲಯದ ಸದಸ್ಯತ್ವ ಪಡೆದು ಪುಸ್ತಕ ಒಯ್ಯುವ ಜನ ತಾವಾಗಿ ಆರಿಸಿ ಕಳಿಸುವ ಒಂದು ಸ್ಥಾನವೂ ಇಲ್ಲ. ಓದುಗರ ಪರವಾಗಿ ಮಾತಾಡುವವರು ಬಂದರೂ ಸರ್ಕಾರದ ಕೃಪೆಯಿಂದ ಬರಬೇಕು, ಹೀಗಾಗಿ ಸರ್ಕಾರ ಬದಲಾದರೆ ಆ ಕುರ್ಚಿಯ ಮೇಲಿನವರೂ ಬದಲಾಗುತ್ತಾರೆ.

ಇನ್ನೂ ಆಳದ ತೊಡಕು ಅಧ್ಯಕ್ಷ ಸ್ಥಾನದಲ್ಲಿದೆ. ನಗರ ಪ್ರಾಧಿಕಾರಕ್ಕೆ ಮೇಯರ್ ಅಧ್ಯಕ್ಷರು. ಗ್ರಂಥಾಲಯ ಕರವನ್ನು ಜನರಿಂದ ವಸೂಲಿ ಮಾಡಿ ಪ್ರಾಧಿಕಾರಕ್ಕೆ ಒಪ್ಪಿಸಬೇಕಾದದ್ದು ಅದೇ ಮೇಯರ್ ಮುಖ್ಯಸ್ಥರಾಗಿರುವ ಪಾಲಿಕೆ. ಅಂದರೆ ಹಣ ಕೊಡಬೇಕಾದವರೂ ಹಣ ಕೇಳಬೇಕಾದವರೂ ಒಬ್ಬರೇ. ಬೆಂಗಳೂರಿನ ಪಾಲಿಕೆ ಗ್ರಂಥಾಲಯ ಇಲಾಖೆಗೆ ನೂರಾರು ಕೋಟಿ ರೂಪಾಯಿ ಕರ ಬಾಕಿ ಉಳಿಸಿಕೊಂಡ ಸುದ್ದಿ ವರ್ಷ ವರ್ಷವೂ ಪತ್ರಿಕೆಗಳಲ್ಲಿ ಬಂದಿದೆ. ಜನ ಗ್ರಂಥಾಲಯಕ್ಕೆಂದು ಕೊಟ್ಟ ಹಣ ಅದು, ಪಾಲಿಕೆಯ ಸ್ವಂತ ಆದಾಯ ಅಲ್ಲ. ತನ್ನದೇ ಪಾಲಿಕೆಗೆ ನೋಟಿಸ್ ಕೊಡುವ ಅಧ್ಯಕ್ಷರನ್ನು ಯಾವ ಪ್ರಾಧಿಕಾರವೂ ನಿರೀಕ್ಷಿಸಲಾಗದು. ಬಾಕಿ ಬೆಳೆಯುವುದಕ್ಕೆ ಅಧಿಕಾರಿಗಳ ಉದಾಸೀನ ಒಂದು ಕಾರಣವಾದರೆ, ಕೇಳುವ ಬಾಯಿಯನ್ನೇ ಕಟ್ಟಿರುವ ಈ ರಚನೆ ಅದಕ್ಕಿಂತ ದೊಡ್ಡ ಕಾರಣ.

ಕಾರ್ಯದರ್ಶಿಯ ಸ್ಥಾನದಲ್ಲೂ ಇಂಥದೇ ಇಕ್ಕಟ್ಟು. ಪ್ರಾಧಿಕಾರದ ಕಾರ್ಯದರ್ಶಿ ಇಲಾಖೆಯ ಅಧಿಕಾರಿ. ಅವರ ವರ್ಗಾವಣೆ, ಬಡ್ತಿ, ರಜೆ ಎಲ್ಲವೂ ಮೇಲಿನವರ ಕೈಯಲ್ಲಿ. ಪ್ರಾಧಿಕಾರ ಒಂದು ಹೇಳಿ ಇಲಾಖೆ ಇನ್ನೊಂದು ಹೇಳಿದರೆ ಅವರು ಯಾವ ಮಾತಿಗೆ ಓಗೊಡುತ್ತಾರೆ ಎಂಬುದಕ್ಕೆ ಹೆಚ್ಚು ಯೋಚಿಸಬೇಕಿಲ್ಲ. ಜಿಲ್ಲೆಗಳಿಗೆ ಮತ್ತೊಂದು ಪೆಟ್ಟು ಬಿದ್ದಿದೆ. ಭೂಕಂದಾಯದ ಒಂದು ಪಾಲಿಗೆ ಸಮನಾದ ಹಣವನ್ನು ಸರ್ಕಾರ ಜಿಲ್ಲಾ ಪ್ರಾಧಿಕಾರಗಳಿಗೆ ಕೊಡಬೇಕೆಂಬ ಏರ್ಪಾಡು ಮಾಡಿದಾಗ ಕಂದಾಯಕ್ಕೆ ಒಂದು ತೂಕವಿತ್ತು. ಇವತ್ತು ರಾಜ್ಯದ ವರಮಾನದಲ್ಲಿ ಭೂಕಂದಾಯ ತೀರಾ ಸಣ್ಣದು, ಅದಕ್ಕೆ ಗಂಟು ಹಾಕಿದ ಗ್ರಂಥಾಲಯದ ಪಾಲೂ ಅಷ್ಟೇ ಸಣ್ಣದು.

ಚುನಾಯಿತ ಸಂಸ್ಥೆಗಳನ್ನು ನೆಚ್ಚಿದ ಪ್ರಾಧಿಕಾರಕ್ಕೆ ಚುನಾವಣೆಯೇ ನಡೆಯದಿದ್ದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬರುವ ತನಕ ನಗರಕ್ಕೆ ಮೇಯರ್ ಇರಲಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ತೀರಿದ ಮೇಲೆ ಅಲ್ಲಿಯೂ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಉಳಿದರು. ಅಷ್ಟೂ ಕಾಲ ಕರ ವಸೂಲಿ ನಿಲ್ಲಲಿಲ್ಲ, ಬಾಗಿಲು ತೆರೆಯುವ ಮೇಲ್ವಿಚಾರಕರು ಬಾಗಿಲು ತೆರೆದರು, ಓದುಗರು ಬಂದರು. ಆದರೆ ಅವರ ಪರವಾಗಿ ಕೂರಬೇಕಾದ ಜನಪ್ರತಿನಿಧಿಗಳ ಸ್ಥಾನಗಳು ಖಾಲಿಯಾಗಿದ್ದವು. ಅದರ ಬಗ್ಗೆ ಗದ್ದಲವಾಗಲಿಲ್ಲ. ಯಾರಿಗೂ ಕಾಣದ ಮಂಡಳಿ ಇಲ್ಲವಾದರೆ ಅದೂ ಯಾರಿಗೂ ಕಾಣುವುದಿಲ್ಲ.

ಇದರ ಪರಿಣಾಮ ಕಪಾಟಿನಲ್ಲಿ ನೇರವಾಗಿ ಗೋಚರಿಸುತ್ತದೆ. ಕನ್ನಡ ಪುಸ್ತಕಗಳ ದೊಡ್ಡ ಖರೀದಿ ರಾಜ್ಯಮಟ್ಟದ ಆಯ್ಕೆ ಸಮಿತಿಯ ಮೂಲಕ ನಡೆಯುತ್ತದೆ. ಸಗಟು ಖರೀದಿಯ ಉಪಕಾರವನ್ನು ನಾನು ಮರೆಯಲಾರೆ. ಕವನ ಸಂಕಲನ, ವಿಮರ್ಶೆ, ಸ್ಥಳೀಯ ಇತಿಹಾಸ ಇಂಥ ಪುಸ್ತಕಗಳನ್ನು ಸಣ್ಣ ಪ್ರಕಾಶಕರು ಧೈರ್ಯವಾಗಿ ಅಚ್ಚು ಹಾಕುವುದಕ್ಕೆ ಗ್ರಂಥಾಲಯದ ಆರ್ಡರ್ ಒಂದು ಆಧಾರ. ಆದರೆ ಆಯ್ಕೆ ತಡವಾದರೆ, ಬಿಲ್ಲು ತಡವಾದರೆ ಪ್ರಕಾಶಕರೂ ಲೇಖಕರೂ ಕಂಗೆಡುತ್ತಾರೆ. ಓದುಗರ ಮಟ್ಟಿಗೆ ಇನ್ನೊಂದು ನಷ್ಟವಿದೆ. ಬೀದರ್‌ಗೂ ಮಡಿಕೇರಿಗೂ ಒಂದೇ ಕಟ್ಟು ಬರುತ್ತದೆ. ಬೀದರ್‌ನ ಓದುಗರಿಗೆ ಉರ್ದು, ಮರಾಠಿ ಪುಸ್ತಕಗಳು ಬೇಕಿರಬಹುದು, ಕೊಡಗಿನವರಿಗೆ ಕಾಫಿ ಕೃಷಿಯ ಬಗ್ಗೆ, ಕೊಡವ ಭಾಷೆಯ ಬಗ್ಗೆ ಬೇಕಿರಬಹುದು. ಬಹುತೇಕ ಊರುಗಳ ವಾಚನಾಲಯಗಳಲ್ಲಿ ಈಗ ಬೆಳಗಿನಿಂದ ಸಂಜೆಯವರೆಗೆ ಕೂರುವವರು ಎಫ್‌ಡಿಎ, ಪಿಡಿಒ, ಕೆಎಎಸ್ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು. ಅವರಿಗೆ ಬೇಕಾದ್ದು ಹೊಸ ಆವೃತ್ತಿಯ ಪುಸ್ತಕ, ರಾತ್ರಿ ಎಂಟರವರೆಗೆ ದೀಪ, ಹೆಣ್ಣುಮಕ್ಕಳಿಗೆ ಚೊಕ್ಕಟವಾದ ಶೌಚಾಲಯ. ಇವನ್ನು ಊರಿನವರೇ ಕೂತು ಗೊತ್ತು ಮಾಡಬೇಕು. ಸ್ಥಳೀಯ ಪ್ರಾಧಿಕಾರ ಹುಟ್ಟಿದ್ದೇ ಈ ಕೆಲಸಕ್ಕೆ.

ಮಂಡಳಿ ಏಕೆ, ಒಬ್ಬ ದಕ್ಷ ಅಧಿಕಾರಿ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅವರ ಮಾತಿಗೆ ಆಧಾರವೂ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಆಮೇಲೆ ಹಿರಿಯ ಅಧಿಕಾರಿಗಳ ಆಸಕ್ತಿಯಿಂದ ಅನೇಕ ಕಡೆ ಗೋಡೆಗಳಿಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಲಕ್ಷಾಂತರ ಮಕ್ಕಳು ಉಚಿತವಾಗಿ ಸದಸ್ಯರಾದರು. ಈ ಕೆಲಸ ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಅಧಿಕಾರಿ ವರ್ಗವಾಗುತ್ತಾರೆ, ಮುಂದೆ ಬಂದವರಿಗೆ ಬೇರೆ ಆಸಕ್ತಿ ಇರುತ್ತದೆ. ಊರಿನ ಮಂಡಳಿ ಊರಲ್ಲೇ ಉಳಿಯುತ್ತದೆ. ಅಧಿಕಾರಿ ಶುರು ಮಾಡಿದ್ದನ್ನು ಹತ್ತು ವರ್ಷ ಕಾಪಾಡುವ ಕೆಲಸ ಮಂಡಳಿಯದು.

ಬೇರೆ ದಾರಿ ಹಿಡಿದವರನ್ನು ನೋಡಲು ದೂರ ಹೋಗಬೇಕಿಲ್ಲ. ಕೇರಳದಲ್ಲಿ ಪಿ. ಎನ್. ಪಣಿಕ್ಕರ್ 1945ರಲ್ಲಿ ಊರಿನ ಗ್ರಂಥಾಲಯಗಳನ್ನು ಒಂದು ಸಂಘವಾಗಿ ಜೋಡಿಸಿದರು. ನಡುವೆ ಸರ್ಕಾರ ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡರೂ 1989ರ ಕಾಯ್ದೆ ಅಧಿಕಾರವನ್ನು ಮತ್ತೆ ಗ್ರಂಥಾಲಯಗಳಿಗೆ ಮರಳಿಸಿತು. ಅಲ್ಲಿ ಗ್ರಂಥಾಲಯದ ಸದಸ್ಯರೇ ತಮ್ಮ ಆಡಳಿತ ಸಮಿತಿಯನ್ನು ಆರಿಸುತ್ತಾರೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದ ಕೌನ್ಸಿಲ್‌ಗಳಿಗೆ ಪ್ರತಿನಿಧಿಗಳು ಹೋಗುತ್ತಾರೆ. ಕಾಸರಗೋಡಿನ ಕನ್ನಡ ಓದುಗರಿಗೆ ಇರುವ ಈ ಮತದ ಹಕ್ಕು ಗಡಿಯ ಈಚೆ ಮಂಗಳೂರಿನ ಕನ್ನಡ ಓದುಗರಿಗೆ ಇಲ್ಲ. ಆ ಚುನಾವಣೆಗಳಲ್ಲಿ ರಾಜಕೀಯ ಪಕ್ಷಗಳ ಪೈಪೋಟಿ ಇದೆ, ಕೆಲವೊಮ್ಮೆ ಪುಸ್ತಕಕ್ಕಿಂತ ಪಕ್ಷ ಮುಂದಾಗುತ್ತದೆ. ಆದರೂ ಜಗಳಕ್ಕಾದರೂ ಜನ ಗ್ರಂಥಾಲಯದ ಮಂಡಳಿಯ ಕಡೆ ನೋಡುತ್ತಾರೆ. ಇಲ್ಲಿನ ಮೌನಕ್ಕಿಂತ ಆ ಗದ್ದಲವೇ ಮೇಲು.

ಹಾಗೆಂದು ಸರ್ಕಾರದ ಕೈ ಬಿಡಿಸಿ ಗಣ್ಯರ ಕೈಗೆ ಕೊಟ್ಟರೆ ಸರಿಹೋಗುತ್ತದೆ ಎಂದೂ ತಿಳಿಯಬಾರದು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವನ್ನು ನಡೆಸುವುದು ಹಣವಂತರೂ ಪ್ರಭಾವಿಗಳೂ ಇರುವ ಟ್ರಸ್ಟಿಗಳ ಮಂಡಳಿ. ಅದು 1911ರಲ್ಲಿ ತೆರೆದ ತನ್ನ ಮುಖ್ಯ ಕಟ್ಟಡದ ಏಳು ಅಂತಸ್ತಿನ ಪುಸ್ತಕದ ಉಗ್ರಾಣವನ್ನು ತೆಗೆದು, ಬಹಳಷ್ಟು ಪುಸ್ತಕಗಳನ್ನು ನ್ಯೂಜೆರ್ಸಿಗೆ ಸಾಗಿಸಿ, ಎದುರಿನ ಜನಪ್ರಿಯ ಶಾಖೆಯನ್ನು ಮಾರುವ ಯೋಜನೆ ಹಾಕಿತು. ಅದಕ್ಕೂ ಮೊದಲು 53ನೇ ಬೀದಿಯ ಡಾನೆಲ್ ಶಾಖೆಯನ್ನು ಮಾರಿತ್ತು. ಆ ಜಾಗದಲ್ಲಿ ಐಷಾರಾಮಿ ಹೋಟೆಲ್ ಎದ್ದಿತು, 2016ರಲ್ಲಿ ಗ್ರಂಥಾಲಯ ಅದರ ಬುಡದಲ್ಲಿ, ಬಹುಪಾಲು ನೆಲಮಾಳಿಗೆಯಲ್ಲಿ, ಮೊದಲಿಗಿಂತ ತುಂಬ ಕಡಿಮೆ ಜಾಗದಲ್ಲಿ ಮರಳಿ ತೆರೆಯಿತು. ಮುಖ್ಯ ಕಟ್ಟಡದ ಯೋಜನೆ ಹೊರಗೆ ಬಂದಾಗ ಮಾರಿಯೋ ವರ್ಗಾಸ್ ಯೋಸಾ ಸೇರಿದಂತೆ ನೂರಾರು ಲೇಖಕರು, ವಿದ್ವಾಂಸರು ಸಹಿ ಹಾಕಿ ವಿರೋಧಿಸಿದರು, ನಾಗರಿಕರು ನ್ಯಾಯಾಲಯಕ್ಕೆ ಹೋದರು. 2014ರ ಮೇ ತಿಂಗಳಲ್ಲಿ ಮಂಡಳಿ ಹಿಂದೆ ಸರಿಯಿತು, ಎದುರಿನ ಶಾಖೆಯನ್ನು ಅಲ್ಲೇ ನವೀಕರಿಸಿತು. ಆ ಟ್ರಸ್ಟಿಗಳ ಬಳಿ ನಮ್ಮ ಪ್ರಾಧಿಕಾರಗಳಿಗೆ ಇಲ್ಲದ್ದೆಲ್ಲ ಇತ್ತು: ಹಣ, ಸ್ವಾತಂತ್ರ್ಯ, ನಿಯಮಿತ ಸಭೆ. ಓದುಗರನ್ನು ಮೊದಲೇ ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ. ಅಲ್ಲಿನ ಓದುಗರು ಗೆದ್ದದ್ದು ಅವರಿಗೆ ಮಂಡಳಿ ಯಾವುದು, ಅದರಲ್ಲಿ ಯಾರಿದ್ದಾರೆ ಎಂದು ಗೊತ್ತಿದ್ದುದರಿಂದ.

ಹೀಗಾಗಿ ಗ್ರಂಥಾಲಯದ ಮಂಡಳಿಯನ್ನು ಅಳೆಯಲು ನನಗೆ ಕಾಣುವ ಅಳತೆ ಇದು: ಅಲ್ಲಿ ಓದುಗರ ಮಾತಿಗೆ ಮತವಿದೆಯೇ, ಅಲ್ಲಿನ ತೀರ್ಮಾನ ಓದುಗರ ಕಣ್ಣಿಗೆ ಬೀಳುತ್ತದೆಯೇ? ಈ ಅಳತೆಯಲ್ಲಿ ನಮ್ಮ ಪ್ರಾಧಿಕಾರಗಳು ಸೋತಿವೆ. ಆದರೆ ಸರಿಪಡಿಸಲು ಹೊಸ ಇಲಾಖೆಯೂ ಬೇಡ, ಹೊಸ ಕರವೂ ಬೇಡ. ಸ್ಥಳೀಯ ಪ್ರಾಧಿಕಾರದ ಕನಿಷ್ಠ ಮೂರನೇ ಒಂದು ಭಾಗ ಸ್ಥಾನಗಳನ್ನು ಗ್ರಂಥಾಲಯದ ನೋಂದಾಯಿತ ಸದಸ್ಯರು ಆರಿಸಲಿ, ಅದರಲ್ಲಿ ಹೆಣ್ಣುಮಕ್ಕಳಿಗೂ ವಿದ್ಯಾರ್ಥಿಗಳಿಗೂ ಪಾಲಿರಲಿ. ಕರ ಒಪ್ಪಿಸಬೇಕಾದ ಸಂಸ್ಥೆಯ ಮುಖ್ಯಸ್ಥರು ಸದಸ್ಯರಾಗಿರಲಿ, ಅಧ್ಯಕ್ಷತೆ ಬೇರೆಯವರಿಗೆ ಹೋಗಲಿ. ಪುಸ್ತಕದ ಹಣದಲ್ಲಿ ಒಂದು ಗೊತ್ತಾದ ಪಾಲನ್ನು ಊರಿನ ಬೇಡಿಕೆಯ ಮೇಲೆ ಕೊಳ್ಳುವ ಅಧಿಕಾರ ಪ್ರಾಧಿಕಾರಕ್ಕೆ ಬರಲಿ. ಪ್ರತಿ ಸಭೆಯ ನಡಾವಳಿ, ಎಷ್ಟು ಕರ ಬಂತು, ಎಷ್ಟು ಬಾಕಿ ಇದೆ, ಯಾವುದಕ್ಕೆ ಖರ್ಚಾಯಿತು ಎಂಬ ಲೆಕ್ಕ ಪ್ರತಿ ಶಾಖೆಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಅಂಟಿಸಿರಲಿ. ವರ್ಷಕ್ಕೊಮ್ಮೆ ಓದುಗರ ಮುಂದೆ ಬಹಿರಂಗ ಸಭೆ ನಡೆಯಲಿ.

ಕಾಯ್ದೆಗೆ ಅರವತ್ತು ವರ್ಷ ತುಂಬಿದೆ. ಬೆಂಗಳೂರಿನ ಐದು ಹೊಸ ಪಾಲಿಕೆಗಳಿಗೆ ತಕ್ಕಂತೆ ಗ್ರಂಥಾಲಯದ ಆಡಳಿತವನ್ನೂ ಹೊಸದಾಗಿ ಹೊಂದಿಸಬೇಕಾದ ಸಮಯ ಇದು, ತಿದ್ದುಪಡಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು. ಶಾಸಕರು ತಾವಾಗಿ ಇದಕ್ಕೆ ಕೈ ಹಾಕುವುದು ಅಪರೂಪ, ಓದುಗರೇ ಒತ್ತಾಯಿಸಬೇಕು. ಅದನ್ನು ತಮ್ಮ ಊರಿನಿಂದಲೇ ಶುರು ಮಾಡಬಹುದು: ಪ್ರಾಧಿಕಾರದ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ಆಯಿತು, ನಡಾವಳಿಯ ಪ್ರತಿ ಕೊಡಿ ಎಂದು ಗ್ರಂಥಾಲಯಕ್ಕೆ ಹೋಗಿ ಬರಹದಲ್ಲಿ ಕೇಳುವುದು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಉತ್ತರ ಬಂದರೆ ಮಂಡಳಿಯ ಪರಿಚಯವಾಗುತ್ತದೆ. ಸಭೆಯೇ ನಡೆದಿಲ್ಲ ಎಂಬ ಉತ್ತರ ಬಂದರೆ, ಶಾಸಕರ ಮುಂದೆ ಇಡಲು ಓದುಗರ ಕೈಯಲ್ಲಿ ಒಂದು ದಾಖಲೆ ಇರುತ್ತದೆ.